ಮೂಲಂಗಿ ರಸದ ಬಾಟಲಿ

ಗಿಡವೊಂದು ತನ್ನೊಳಗೆ ಮಾಡುವ ಕೆಲಸವನ್ನು ನಾವು ಶಿವಮೊಗ್ಗದ ಪ್ರಯೋಗಾಲಯದಲ್ಲಿ ಮಾಡಲು ಹೊರಟಿದ್ದೆವು. ಲವಂಗದೆಣ್ಣೆಯ ಅಣುಗಳನ್ನು ಎರಡೆರಡಾಗಿ ಬೆಸೆದರೆ ಜಾಯಿಕಾಯಿಯಲ್ಲಿರುವ ಒಂದು ಸಂಯುಕ್ತ ಸಿಗುತ್ತದೆ. ಗಿಡ ಅದಕ್ಕಾಗಿ ಏನನ್ನೂ ಕುದಿಸುವುದಿಲ್ಲ, ತನ್ನ ಕಿಣ್ವಗಳಿಂದಲೇ ಬೆಸೆಯುತ್ತದೆ. ನಾವೂ ಮೂಲಂಗಿ ರುಬ್ಬಿ ಸೋಸಿ, ಆ ರಸದ ಕಿಣ್ವಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸುತ್ತಿದ್ದೆವು. ಉರಿಯಿಲ್ಲ, ಹೊಗೆಯಿಲ್ಲ. ಅಡುಗೆಮನೆಯ ಕೆಲಸದಂತಿತ್ತು. ಕಣ್ಣಿಗೆ ಗಾಗಲ್ಸ್ ಹಾಕುವುದನ್ನೂ ಬಿಟ್ಟಿದ್ದೆವು.

ಜೊತೆಗಿದ್ದವರು ನನಗಿಂತ ಹಿರಿಯ ಸಂಶೋಧನಾರ್ಥಿ. ಅಕ್ಕ ಎನ್ನುತ್ತಿದ್ದೆ. ಭದ್ರಾವತಿಯ ನ್ಯೂ ಟೌನಿನಿಂದ ಇಬ್ಬರೂ ಒಂದೇ ಬಸ್ಸಿಗೆ ಬರುತ್ತಿದ್ದೆವು.

ಉಳಿದ ರಸ, ಪೆರಾಕ್ಸೈಡ್ ಎಲ್ಲವನ್ನೂ ಒಂದು ಗಾಜಿನ ಬಾಟಲಿಗೆ ಸುರಿದು ಮುಚ್ಚಳ ಸಡಿಲ ಬಿಡುವುದು ರೂಢಿ. ಒಳಗೆ ಆಮ್ಲಜನಕ ಹುಟ್ಟುತ್ತಲೇ ಇರುತ್ತದೆ, ಅದು ಹೊರಹೋಗಬೇಕು. ಆ ದಿನ ಪಕ್ಕದ ಕೋಣೆಯ ಪ್ರಾಧ್ಯಾಪಕರು ಮೂಗು ಮುಚ್ಚಿಕೊಂಡು ಬಾಗಿಲಿಗೆ ಬಂದರು.

"ಏನ್ರಮ್ಮಾ, ಇದು ಲ್ಯಾಬೋ, ಮೂಲಂಗಿ ಹುಳಿ ಮಾಡೋ ಹೋಟ್ಲೋ?"

"ಊಟಕ್ಕೆ ಬನ್ನಿ ಸಾರ್," ಎಂದು ಅಕ್ಕ ನಕ್ಕರು. ಪ್ರಾಧ್ಯಾಪಕರು ಹೋದ ಮೇಲೆ, ವಾಸನೆ ಹೊರಬಾರದಿರಲೆಂದು, ಅಕ್ಕ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದರು.

ಸ್ವಲ್ಪ ಹೊತ್ತಿಗೆ ನೊರೆ ಬಾಟಲಿಯ ಕತ್ತಿನವರೆಗೆ ಏರಿದ್ದನ್ನು ಕಂಡೆ. ಮುಚ್ಚಳ ಸಣ್ಣಗೆ ಸುಯ್ಯೆನ್ನುತ್ತಿತ್ತು. ಏನಾಗಲಿದೆಯೆಂದು ನನಗೆ ಅರ್ಥವಾಯಿತು. ಅಕ್ಕ ಅದರ ಪಕ್ಕದಲ್ಲೇ ಬಗ್ಗಿ ಏನೋ ತೂಗುತ್ತಿದ್ದರು. ನಾನು ಬೀರುವಿನ ಹಿಂದಕ್ಕೆ ಸರಿದೆ. 'ಅಕ್ಕ, ಈ ಕಡೆ ಬನ್ನಿ' ಅಂದಿದ್ದರೆ ಸಾಕಿತ್ತು. ಈಗಲೂ, ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ, ಅದೇ ಕ್ಷಣಕ್ಕೆ ಮರಳುತ್ತೇನೆ. ಪ್ರತಿಸಲವೂ ಕಾಲು ಸರಿಯುತ್ತದೆ, ಬಾಯಿ ತೆರೆಯುವುದಿಲ್ಲ.

ಬಾಟಲಿ ಸಿಡಿಯಿತು. ನೋಡಿದರೆ ಅಕ್ಕ ಬಲಗಣ್ಣು ಒತ್ತಿಕೊಂಡು ನೆಲದ ಮೇಲೆ ಕುಳಿತಿದ್ದರು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು.

"ನಿಂಗೇನೂ ಆಗ್ಲಿಲ್ಲ ತಾನೆ ಮಾರಾಯ್ತಿ?" ಎಂದರು.

ಕಣ್ಣಿಗೆ ನೀರು ಹಾಕಿ, ಆಟೋ ಹಿಡಿದು ಆಸ್ಪತ್ರೆಗೆ ಕರೆದೊಯ್ದೆ. ರೆಪ್ಪೆ ಸೀಳಿತ್ತು, ಗುಡ್ಡೆಯ ಮೇಲೂ ಗಾಜು ಗೀರಿತ್ತು. ದೃಷ್ಟಿಯ ಮಾತು ಪಟ್ಟಿ ಬಿಚ್ಚಿದ ಮೇಲೆ ಎಂದರು ವೈದ್ಯರು.

ಪಟ್ಟಿ ಬಿಚ್ಚಿದ ದಿನ ನಾನೂ ಹೋಗಿದ್ದೆ. ಗೋಡೆಯ ಅಕ್ಷರಗಳನ್ನು ಅಕ್ಕ ತಡೆತಡೆದು, ಕೊನೆಯ ಸಾಲಿನವರೆಗೂ ಓದಿದರು. ಅವರ ತಾಯಿ ಅಳುತ್ತ ನನ್ನ ಕೈ ಹಿಡಿದುಕೊಂಡರು.

"ನೀನಿದ್ದಿದ್ದಕ್ಕೆ ಕಣ್ಣು ಉಳೀತು ಕಣಮ್ಮ."

"ಇವ್ಳು ದೂರ ಇದ್ದಿದ್ದೇ ಪುಣ್ಯ ಅಮ್ಮ," ಎಂದರು ಅಕ್ಕ, ಇನ್ನೂ ಕೆಂಪಗಿದ್ದ ಕಣ್ಣನ್ನು ನನ್ನತ್ತ ತಿರುಗಿಸಿ. "ಪಕ್ಕದಲ್ಲಿದ್ದಿದ್ರೆ ಇಬ್ರಿಗೂ ಆಗ್ತಿತ್ತು. ಅಲ್ವೇನೇ?"

ನಾನು ಹೂಂ ಎಂದೆ.