ಈ ಕಡೆ ತಿರುಗಿ ಮಾತಾಡಿ, ಸಾರ್

ಅತ್ತೆಯ ಮೇಲೆ ನನಗೆ ಆರು ವರ್ಷದ ಸಿಟ್ಟಿತ್ತು. ಮದುವೆಯಾಗಿ ಬಂದ ಮೊದಲ ವಾರವೇ ಶುರುವಾದದ್ದು. ಅಡುಗೆಮನೆಯಿಂದ "ಅತ್ತೇ" ಎಂದು ಮೂರು ಸಲ ಕೂಗಿದರೆ ಒಂದು ಸಲ "ಏನೇ?" ಎಂಬ ಉತ್ತರ ಬರುತ್ತಿತ್ತು. ಉಳಿದೆರಡು ಸಲ ಗೋಡೆಗೆ ಹೇಳಿದಂತೆ. ಸೊಸೆಯ ಮಾತನ್ನು ಕಿವಿ ಮೇಲೆ ಹಾಕಿಕೊಳ್ಳದಿರುವುದೂ ಒಂದು ದೊಡ್ಡಸ್ತಿಕೆ ಇರಬೇಕು ಅಂದುಕೊಂಡು ನಾನು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಕುಕ್ಕುತ್ತಿದ್ದೆ. ಅದೂ ಅವರಿಗೆ ತಾಗುತ್ತಿರಲಿಲ್ಲ.

ಸಿಟ್ಟಿಗೆ ಆಧಾರವೂ ಇತ್ತು. ಇದೇ ಅತ್ತೆ ಕಿಟಕಿಯ ಬಳಿ ನಿಂತು, ರಸ್ತೆಯಾಚೆಯ ಮನೆಯ ಬಾಲ್ಕನಿಯಲ್ಲಿ ಗಂಡ ಹೆಂಡತಿ ಯಾಕೆ ಜಗಳವಾಡುತ್ತಿದ್ದಾರೆ ಎಂದು ಒಂದಕ್ಷರ ಬಿಡದೆ ಹೇಳುತ್ತಿದ್ದರು. "ಅವನ ತಂಗಿ ಬಂದು ತಿಂಗಳು ಇರ್ತಾಳಂತೆ, ಇವಳು ಆಗಲ್ಲ ಅಂತಿದ್ದಾಳೆ." ಅಷ್ಟು ದೂರದ ಜಗಳ ಕೇಳಿಸುವವರಿಗೆ ಹತ್ತು ಹೆಜ್ಜೆ ಆಚೆಯ ಸೊಸೆ ಕೇಳಿಸುವುದಿಲ್ಲವೇ?

ಆದರೆ ಬಾಲ್ಕನಿಯ ಜಗಳ ಗೊತ್ತಾಗುತ್ತಿದ್ದದ್ದು ಮಿಲ್ಲಿನ ವಿದ್ಯೆಯಿಂದ. ಅತ್ತೆ ಇಪ್ಪತ್ತೆಂಟು ವರ್ಷದಿಂದ ನೇಯ್ಗೆ ಮಿಲ್ಲಿನಲ್ಲಿ ಮಗ್ಗ ನೋಡಿಕೊಳ್ಳುವವರು. ಎಂಬತ್ತು ಮಗ್ಗಗಳು ಒಟ್ಟಿಗೆ ಓಡುವ ಆ ಶೆಡ್ಡಿನಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವರಿಗೆ ಕೇಳಿಸದು. ಹಾಗಾಗಿ ಅಲ್ಲಿ ಯಾರೂ ದನಿ ತೆಗೆಯುವುದಿಲ್ಲ. ತುಟಿಗಳನ್ನು ಅಗಲವಾಗಿ ಆಡಿಸುತ್ತಾರೆ, ಎದುರಿನವರು ನೋಡಿ ಓದಿಕೊಳ್ಳುತ್ತಾರೆ. ಎಳೆ ಹರಿದಿದೆ ನೋಡು, ಊಟ ಆಯ್ತಾ, ನಿನ್ನ ತಮ್ಮನ ಜ್ವರ ಬಿಡ್ತಾ, ಎಲ್ಲವೂ ಸದ್ದಿಲ್ಲದೆ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಚಾಡಿ ಎಲ್ಲಕ್ಕಿಂತ ಬೇಗ ಹೋಗುತ್ತದೆ. ಈ ವಿದ್ಯೆಯಲ್ಲಿ ಅತ್ತೆಯನ್ನು ಮೀರಿಸಿದವರಿಲ್ಲ. ಅಲ್ಲಿ ಅವರನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ.

ಈ ವರ್ಷ ಅವರ ಶಿಫ್ಟಿನ ಮೇಸ್ತ್ರಿ ನಿವೃತ್ತಿಯಾಗುವವರಿದ್ದರು. ಹಿಂದಿನ ಇಬ್ಬರು ಮೇಸ್ತ್ರಿಗಳಿಗೆ ಕೆಲಸ ಕಲಿಸಿದ್ದೇ ಅತ್ತೆ. ಕಲಿತವರು ಮೇಲೆ ಹೋದರು, ಕಲಿಸಿದವರು ಮಗ್ಗದ ಮುಂದೆಯೇ ಉಳಿದರು. ಈ ಸಲ ತಾನೇ ಕೇಳುತ್ತೇನೆ ಎಂದು ಅತ್ತೆ ಗಟ್ಟಿ ಮನಸ್ಸು ಮಾಡಿದ್ದರು. ಈ ಸಲ ತಪ್ಪಿದರೆ ಅವರ ವಯಸ್ಸಿಗೆ ಮತ್ತೆ ಅವಕಾಶ ಬರುವಂತಿರಲಿಲ್ಲ.

ಕೇಳಬೇಕಾದದ್ದು ಕಿವಿಸಾಹೇಬರನ್ನು. ಅದು ಮ್ಯಾನೇಜರಿಗೆ ಶೆಡ್ಡಿನವರು ಇಟ್ಟ ಹೆಸರು. ಅವರು ಕಂಪ್ಯೂಟರಿನತ್ತ ತಿರುಗಿ ಕೂತು ಅಲ್ಲಿಂದಲೇ ಗೊಣಗುವ ಮನುಷ್ಯ. ಎದುರು ಕೂತವರಿಗೆ ಕಾಣುವುದು ಅವರ ಎಡಗಿವಿ ಮಾತ್ರ. ಹೋದ ವರ್ಷ ಅತ್ತೆ ಒಂದು ದಿನದ ರಜೆ ಕೇಳಲು ಹೋಗಿ ಭಾನುವಾರವೂ ಕೆಲಸಕ್ಕೆ ಒಪ್ಪಿಕೊಂಡು ಬಂದಿದ್ದರು. ಏನಾಯಿತು ಎಂದರೆ, "ಅವರು ಏನೋ ಅಂದ್ರು. ನಾನು ಹೂಂ ಸಾರ್ ಅಂದೆ." ಅತ್ತೆಯ ಅಂಜುಬುರುಕುತನಕ್ಕೆ ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು.

ಈ ಹೂಂ ಸಾರ್ ರೋಗಕ್ಕೆ ನನ್ನ ಬಳಿ ಮದ್ದಿತ್ತು. ನಾನು ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಫೋನಿನ ಚಾಟ್‌ಬಾಟ್ ಜೊತೆ ನಾಲ್ಕು ದಿನ ಅಭ್ಯಾಸ ಮಾಡಿಯೇ ನಮ್ಮ ಡಾಕ್ಟರಿಗೆ, "ನಿಮ್ಮ ಮಗನ ಹೋಂವರ್ಕ್ ಬರೆಯೋದು ನನ್ನ ಕೆಲಸ ಅಲ್ಲ ಸಾರ್" ಎಂದು ಹೇಳಿ ಗೆದ್ದಿದ್ದೆ. ಒಂದು ಸಂಜೆ ಅತ್ತೆ ಶಿಫ್ಟ್ ಮುಗಿಸಿ ಬಂದ ಮೇಲೆ ಊಟದ ಮೇಜಿನ ಮೇಲೆ ಫೋನ್ ನಿಲ್ಲಿಸಿ, "ನೀನು ಮಿಲ್ಲಿನ ಮ್ಯಾನೇಜರ್. ಮೇಸ್ತ್ರಿ ಕೆಲಸ ಕೇಳಿ ಬಂದವರಿಗೆ ಪ್ರಶ್ನೆ ಹಾಕು. ಸುಲಭಕ್ಕೆ ಬಿಡಬೇಡ" ಎಂದು ಅದಕ್ಕೆ ಹೇಳಿಕೊಟ್ಟೆ.

ಅತ್ತೆ ನೆಟ್ಟಗೆ ಕೂತು ತುಟಿ ಆಡಿಸಿದರು. ದನಿಯೇ ಇಲ್ಲ.

"ಕ್ಷಮಿಸಿ, ನಿಮ್ಮ ಮಾತು ಕೇಳಿಸಲಿಲ್ಲ" ಎಂದಿತು ಫೋನು.

ನಾನು ಅತ್ತೆಯ ಮುಂದೆ ಬಂದು, "ದನಿ ತೆಗೀರಿ ಅತ್ತೆ, ಇದು ಮಿಲ್ ಅಲ್ಲ" ಎಂದೆ.

"ನಮಸ್ಕಾರ ಸಾರ್!" ಎಂದು ಅವರು ಕೂಗಿದ ರಭಸಕ್ಕೆ ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು.

"ಇಬ್ಬರು ಕೆಲಸಗಾರರು ಜಗಳವಾಡಿದರೆ ಏನು ಮಾಡುತ್ತೀರಿ?" ಎಂದು ಫೋನು ಕೇಳಿತು.

"ಹೂಂ ಸಾರ್."

"ನಿಮ್ಮನ್ನೇ ಯಾಕೆ ಆರಿಸಬೇಕು?"

"ಹೂಂ ಸಾರ್."

ನನಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಅತ್ತೆ ಫೋನನ್ನು ಕೈಗೆತ್ತಿಕೊಂಡು ಮೇಲೆ ಕೆಳಗೆ ನೋಡಿದರು. ಹಿಂದೆ ತಿರುಗಿಸಿಯೂ ನೋಡಿದರು. "ಇದಕ್ಕೆ ಮುಖಾನೇ ಇಲ್ಲವಲ್ಲೇ" ಎಂದರು.

ನನ್ನ ನಗು ನಿಂತಿತು. ಸದ್ದು ಮಾಡದೆ ಎದ್ದು ಅವರ ಬೆನ್ನ ಹಿಂದೆ ಹೋಗಿ, "ಅತ್ತೆ, ಟೀ ಮಾಡ್ಲಾ?" ಎಂದೆ. ಅವರು ಅಲುಗಲಿಲ್ಲ. "ಅತ್ತೆ, ಮನೆಗೆ ಬೆಂಕಿ ಬಿದ್ದಿದೆ" ಎಂದೆ. ಅವರು ಫೋನನ್ನೇ ನೋಡುತ್ತಿದ್ದರು.

ಆರು ವರ್ಷ ನಾನು ಕುಕ್ಕಿದ ಪಾತ್ರೆಗಳೆಲ್ಲ ನೆನಪಾಗಿ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎದುರು ಬಂದು ಕೂತೆ.

"ಯಾವಾಗಿಂದ ಅತ್ತೆ?"

ಅವರು ತಲೆ ತಗ್ಗಿಸಿದರು. "ನಿನ್ನ ಮದುವೆಗೂ ಮುಂಚಿಂದ. ಯಾರಿಗೂ ಹೇಳ್ಬೇಡ, ನನ್ನ ಮಗನಿಗೂ. ಮಿಲ್ಲಲ್ಲಿ ಗೊತ್ತಾದ್ರೆ ಮಗ್ಗ ಬಿಡಿಸಿ ಮನೆಗೆ ಕಳಿಸ್ತಾರೆ."

"ನಾನು ಕೂಗಿದಾಗೆಲ್ಲ ನೀವು ಬೇಕಂತ್ಲೇ ಸುಮ್ನಿರ್ತೀರಿ ಅಂದ್ಕೊಂಡಿದ್ದೆ."

"ಗೊತ್ತು. ನಿನ್ನ ಮುಖ ಓದೋಕೆ ಬರಲ್ವಾ ನನಗೆ? ಕಿವುಡಿ ಅನ್ನಿಸ್ಕೊಳ್ಳೋದಕ್ಕಿಂತ ಜಂಬಗಾತಿ ಅನ್ನಿಸ್ಕೊಳ್ಳೋದೇ ವಾಸಿ ಅನ್ನಿಸ್ತು."

ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ. ಎದ್ದು ಹೋಗಿ ಅವರೇ ಟೀ ಮಾಡಿದರು.

ಮರುದಿನದಿಂದ ಬರಹದಲ್ಲಿ ಅಭ್ಯಾಸ ಶುರುವಾಯಿತು. ನಾನು ಟೈಪ್ ಮಾಡುವುದು, ಅವರು ಓದುವುದು. ಕಿವಿಯ ವಿಷಯ ಮುಚ್ಚಿಟ್ಟು ಕೇಳಬೇಕೆಂದು ಅತ್ತೆ, ಹೇಳಿಯೇ ಕೇಳಬೇಕೆಂದು ನಾನು. ಮೊದಲು ಅತ್ತೆಯ ಮಾತೇ ನಡೆಯಿತು. ಚಾಟ್‌ಬಾಟ್ ಒಂದು ಉತ್ತರ ಬರೆದುಕೊಟ್ಟಿತು: ಸಂಸ್ಥೆಯ ಸರ್ವತೋಮುಖ ಬೆಳವಣಿಗೆಗೆ ನನ್ನ ಸುದೀರ್ಘ ಅನುಭವವನ್ನು ಧಾರೆಯೆರೆಯಲು ಉತ್ಸುಕಳಾಗಿದ್ದೇನೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿ, "ಇದು ಯಾರ ಸನ್ಮಾನದ ಭಾಷಣ?" ಎಂದರು.

ಕೊನೆಗೆ ನಾನೇ ಹಟ ಮಾಡಿ ಕಿವಿಯ ವಿಷಯ ಬರೆದೆ. ಮ್ಯಾನೇಜರ್ ವೇಷದ ಚಾಟ್‌ಬಾಟ್ ಒಂದು ಕ್ಷಣವೂ ತಡೆಯದೆ ಕೇಳಿತು: "ಅಪಾಯದ ಗಂಟೆ ಹೊಡೆದಾಗ ನಿಮಗೇ ಕೇಳಿಸದಿದ್ದರೆ, ನಿಮ್ಮ ಶಿಫ್ಟಿನ ನಲವತ್ತು ಜನರ ಗತಿಯೇನು?"

ಅತ್ತೆಯ ಮುಖ ಕಪ್ಪಿಟ್ಟಿತು. "ಇವನು ನಮ್ಮ ಸಾಹೇಬನಿಗಿಂತ ಕೆಟ್ಟವನು" ಎಂದು ಫೋನನ್ನು ನನ್ನತ್ತ ನೂಕಿ ಎದ್ದುಹೋದರು. ಎರಡು ದಿನ ಅದರ ಸುದ್ದಿಯೆತ್ತಲಿಲ್ಲ.

ಮೂರನೆಯ ದಿನ ಬಂದವರು ಚಪ್ಪಲಿ ಬಿಡುತ್ತಲೇ ಶುರುಮಾಡಿದರು. "ಇವತ್ತು ಗಂಟೆ ಸರಿ ಇದೆಯಾ ಅಂತ ಹೊಡೆದು ನೋಡಿದ್ರು ಕಣೇ. ಎಲೆಕ್ಟ್ರಿಷಿಯನ್ ಗುಂಡಿ ಒತ್ತಿದ್ದು ನನಗೆ ಕಾಣಿಸ್ತು. ಮಗ್ಗ ಓಡ್ತಿತ್ತು. ಒಬ್ಬರೂ ತಲೆ ಎತ್ತಲಿಲ್ಲ! ಹೋದ ತಿಂಗಳು ಸೇರಿದ ಹುಡುಗಿಯರೂ ಎತ್ತಲಿಲ್ಲ. ಆ ಸದ್ದಲ್ಲಿ ಯಾರಿಗೆ ಕೇಳಿಸುತ್ತೆ? ನಾವು ನಿಲ್ಲೋದು ಗಂಟೆ ಕೇಳಿ ಅಲ್ಲ. ಒಬ್ಬರು ಕೈ ಎತ್ತಿದ್ರೆ ಎಲ್ಲರೂ ನೋಡಿ ಮಗ್ಗ ನಿಲ್ಲಿಸ್ತೀವಿ. ಕಂಬಕ್ಕೊಂದು ಕೆಂಪು ದೀಪ ಹಾಕ್ಲಿ. ಬರಿ ಇದನ್ನ, ನಿನ್ನ ಸಾಹೇಬನಿಗೆ."

ಬರೆದೆ. ಈ ಸಲ ಚಾಟ್‌ಬಾಟ್ ತಲೆದೂಗಿತು. ಒಂದು ಸಲಹೆಯನ್ನೂ ಕೊಟ್ಟಿತು: ನಿಮ್ಮ ಕಡೆ ಮುಖ ಮಾಡಿ ಮಾತಾಡಬೇಕೆಂದು ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಿ. ಅದನ್ನು ಅಭ್ಯಾಸ ಮಾಡಿಸಲು ಮಾತ್ರ ಫೋನಿನಿಂದ ಆಗುವಂತಿರಲಿಲ್ಲ. ಹಾಗಾಗಿ ನಾನೇ ಕಿವಿಸಾಹೇಬನಾದೆ. ಕುರ್ಚಿಯನ್ನು ಗೋಡೆಗೆ ತಿರುಗಿಸಿ, ಎಡಗಿವಿ ತೋರಿಸುತ್ತಾ ಗೊಣಗಿದೆ. ಮೊದಲ ದಿನ ಅತ್ತೆಯ ಬಾಯಿಂದ ಆ ಮಾತೇ ಹೊರಡಲಿಲ್ಲ. ನಾಲ್ಕನೆಯ ದಿನ, ಅದು ಮೇಜು ಗುದ್ದಿದಂತೆ ಬಂತು. "ಈ ಕಡೆ ತಿರುಗಿ ಮಾತಾಡಿ, ಸಾರ್. ನನಗೆ ಕಿವಿ ಕೇಳಿಸಲ್ಲ."

ಅತ್ತೆ ಸಾಹೇಬರನ್ನು ಕೇಳಲು ಹೋದ ದಿನ ಮಿಲ್ಲಿನಲ್ಲಿ ನಡೆದದ್ದನ್ನು ನನಗೆ ಹೇಳಿದ್ದು ಅವರದೇ ಶಿಫ್ಟಿನ ನಾಲ್ಕನೇ ಮಗ್ಗದ ಅಕ್ಕ. ಸಂಜೆ ಅತ್ತೆಯ ಜೊತೆಗೇ ಮನೆಗೆ ಬಂದು, ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಳು.

ಮ್ಯಾನೇಜರ್ ಕೋಣೆ ಶೆಡ್ಡಿನ ಮೇಲೆ ಅಟ್ಟದಂತಿದೆ, ಮುಂಗೋಡೆ ಪೂರ್ತಿ ಗಾಜು. ಅತ್ತೆ ಶೆಡ್ಡಿಗೆ ಬೆನ್ನು ಮಾಡಿ ಕೂತರು. ಕೆಳಗಿದ್ದವರಿಗೆ ಎಂದಿನಂತೆ ಸಾಹೇಬರ ಪಕ್ಕೆ ಮಾತ್ರ ಕಾಣುತ್ತಿತ್ತು. ಇದ್ದಕ್ಕಿದ್ದಂತೆ ಅವರು ಕುರ್ಚಿ ತಿರುಗಿಸಿದರು. "ಇಷ್ಟು ವರ್ಷಕ್ಕೆ ಮೊದಲ ಸಲ ಅವರ ಬಾಯಿ ಕಾಣಿಸ್ತು ನೋಡು! ನಾವು ಬಿಡ್ತೀವಾ? ನಲವತ್ತು ಜನವೂ ಓದೋಕೆ ನಿಂತ್ವಿ."

ಸಾಹೇಬರು ಕೇಳಿದ್ದು ಅದನ್ನೇ: ಗಂಟೆ ಕೇಳಿಸದಿದ್ದರೆ ಹೇಗೆ? ಅತ್ತೆ ಏನಂದರೆಂದು ಕೆಳಗಿನವರಿಗೆ ಕಾಣಲಿಲ್ಲ. ಆದರೆ ಸಾಹೇಬರು ಕಂಪ್ಯೂಟರಿನ ಕೀಲಿಮಣೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಇದನ್ನು ಇಷ್ಟು ವರ್ಷ ಯಾರೂ ಯಾಕೆ ಹೇಳಲಿಲ್ಲ?" ಎಂದರು.

"ಹೇಳೋಕೆ ಬಂದವರಿಗೆಲ್ಲ ನಿಮ್ಮ ಕಿವಿ ಕಾಣ್ತಿತ್ತು ಸಾರ್, ಮುಖ ಕಾಣ್ತಿರಲಿಲ್ಲ ಅಂದೆ" ಎಂದು ಅವಳ ಎದುರು ಕೂತಿದ್ದ ಅತ್ತೆ ನಡುವೆ ಬಾಯಿ ಹಾಕಿದರು.

ಮೊದಲು ದೀಪ ಹಾಕಿಸುತ್ತೇನೆ, ಒಂದನೇ ತಾರೀಕಿನಿಂದ ಶಿಫ್ಟ್ ನೀವೇ ನೋಡಿಕೊಳ್ಳಿ ಎಂದರಂತೆ ಸಾಹೇಬರು. ಕೆಳಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಆಗ ಸಾಹೇಬರ ತುಟಿ ಮತ್ತೆ ಆಡಿತು. "ನಿಮ್ಮ ಹಾಗೆ ಇನ್ನೂ ಎಷ್ಟು ಜನ ಇದ್ದಾರೆ?"

"ನಾನು ಯಾರ ಹೆಸರೂ ಹೇಳಲಿಲ್ಲ ಕಣೇ. ಅದು ಅವರವರು ಹೇಳ್ಕೋಬೇಕಾದ್ದು ಅಂದೆ. ಆದ್ರೆ ಸಾಹೇಬ್ರು ನನ್ನ ಕಡೆ ನೋಡ್ತಾನೇ ಇರಲಿಲ್ಲ. ನನ್ನ ಹೆಗಲ ಮೇಲಿಂದ ಕೆಳಗೆ ನೋಡ್ತಿದ್ರು. ನಾನೂ ತಿರುಗಿ ನೋಡ್ದೆ" ಎಂದರು ಅತ್ತೆ.

ಕೆಳಗೆ ಮಗ್ಗಗಳ ನಡುವೆ ಒಂದು ಕೈ ಮೇಲೆದ್ದಿತ್ತು. ನೋಡುತ್ತಿದ್ದಂತೆ ಇನ್ನೊಂದು, ಆಮೇಲೆ ಮತ್ತೊಂದು. ಹದಿನೇಳಾದವು. ಕೈ ಎತ್ತಿದ್ದನ್ನು ಕಂಡು, ರೂಢಿಯಂತೆ, ಎಲ್ಲರೂ ಮಗ್ಗ ನಿಲ್ಲಿಸಿಬಿಟ್ಟರು. ಹಗಲು ಹೊತ್ತಿನಲ್ಲಿ ಆ ಶೆಡ್ಡು ಅಷ್ಟು ನಿಶ್ಶಬ್ದವಾಗಿದ್ದನ್ನು ತಾನು ಕಂಡಿದ್ದೇ ಇಲ್ಲ ಎಂದಳು ನಾಲ್ಕನೇ ಮಗ್ಗದ ಅಕ್ಕ.

ನಾನು ಒಲೆಯ ಕಡೆ ತಿರುಗಿ ಟೀ ಸೋಸುತ್ತಿದ್ದೆ. "ಮೊದಲು ಕೈ ಎತ್ತಿದ್ದು ಯಾರಕ್ಕಾ?" ಎಂದು ಕೇಳಿದೆ.

ಉತ್ತರ ಬರಲಿಲ್ಲ.

ಪಾತ್ರೆ ಕೆಳಗಿಟ್ಟು, ಅವಳ ಕಡೆ ತಿರುಗಿ ಇನ್ನೊಮ್ಮೆ ಕೇಳಿದೆ.

"ನಾನೇ" ಎಂದಳು.