ಅವ್ವನ ಹೆಪ್ಪು

ಅವ್ವ ತೀರಿಕೊಂಡ ಮೇಲೂ ಅವಳ ಹೆಪ್ಪು ನಡೆದಿತ್ತು. ತವರೂರು ಸಂಪಗಾಂವದಿಂದ ತಂದದ್ದು. ನಿನ್ನೆಯ ಮೊಸರು ಒಂದು ಚಮಚ, ಇವತ್ತಿನ ಹಾಲಿಗೆ. ಈಗ ಆ ಕೆಲಸ ನನ್ನದು. ಮೊಸರು ಆದ ದಿನ ದಿನಚರಿಯಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ಬೇರೇನೂ ಬರೆಯಲು ತೋಚುತ್ತಿರಲಿಲ್ಲ.

ಮಳೆಗಾಲದ ಒಂದು ಮಂಗಳವಾರ ಹಾಲು ಹಾಲಾಗಿಯೇ ಉಳಿಯಿತು. ಬುಧವಾರ ಹಾಲು ಬದಲಿಸಿದೆ, ಗುರುವಾರ ಪಾತ್ರೆ ಬದಲಿಸಿದೆ. ಆಗಲಿಲ್ಲ.

"ನಿನ್ನ ಕೈಗುಣನs ಹಂಗ," ಎಂದಳು ನಮ್ಮೊಂದಿಗಿರುವ ಸೋದರತ್ತೆ. "ಎದುರುಮನಿಯಾಕಿ ಕಡೆ ಇಸಗೊಂಡ ಬಾ. ಅದೂ ನಿಮ್ಮವ್ವನ ಹೆಪ್ಪs ಐತಿ."

ಬಟ್ಟಲು ಹಿಡಿದು ಹೋದೆ. ಅದನ್ನು ಅಲ್ಲೇ ಬಿಟ್ಟು, ಅವರ ಬಟ್ಟಲಲ್ಲಿ ಹೆಪ್ಪು ತಂದೆ. ಅವರ ಹೆಪ್ಪಿನಿಂದ ಒಂದು ದಿನ ಮೊಸರಾಯಿತು. ಮರುದಿನ ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ.

ನಾನು ಬೈಲಹೊಂಗಲದ ಒಂದು ಡೇರಿಯಲ್ಲಿ ಹಾಲು ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಕೆಟ್ಟ ಹೆಪ್ಪನ್ನು ಅಲ್ಲಿಗೆ ಒಯ್ದು ಗಾಜಿನ ತಟ್ಟೆಯಲ್ಲಿ ಹರಡಿದೆ. ಮೊಸರಿನ ಬ್ಯಾಕ್ಟೀರಿಯಾ ಮಂಜಿನಂತೆ ಬೆಳೆದಿತ್ತು, ಅದರ ತುಂಬ ಸ್ವಚ್ಛ ತೂತುಗಳು. ಅದು ವೈರಸ್ಸಿನ ಗುರುತು. ವೈರಸ್ ಬ್ಯಾಕ್ಟೀರಿಯಾದ ಮೈಗೆ ಅಂಟಿ ತನ್ನ ವಂಶವಾಹಿಯನ್ನು ಒಳಗೆ ಬಿಡುತ್ತದೆ. ಒಳಗೇ ನೂರಾರು ಆಗುತ್ತದೆ. ಕೊನೆಗೆ ಒಂದು ಕಿಣ್ವ ಬ್ಯಾಕ್ಟೀರಿಯಾದ ಗೋಡೆಯನ್ನು ಕತ್ತರಿಸುತ್ತದೆ. ಅದು ಒಡೆದು ಎಲ್ಲವೂ ಹೊರಬರುತ್ತವೆ. ತೂತುಗಳನ್ನು ಎಣಿಸತೊಡಗಿ ಅರ್ಧಕ್ಕೆ ಬಿಟ್ಟೆ.

ಅದು ಎರಡೂ ಮನೆ ಸುತ್ತಿದ್ದು ಹೇಗೆಂದು ಸಂಜೆ ತಿಳಿಯಿತು. ಎದುರುಮನೆಯವಳು ನಮ್ಮ ಬಟ್ಟಲು ವಾಪಸ್ ತಂದಳು. ತಳದಲ್ಲಿ ಒಂದು ಚಮಚ ನೀರು ಮಜ್ಜಿಗೆ.

"ಇದ್ಯಾಕ್ರಿ ಅಕ್ಕಾ?"

"ಬರೇ ಬಟ್ಟಲ ಕೊಡತಾರೇನವಾ? ನಿಮ್ಮವ್ವನೂ ಹಿಂಗs ಕೊಡತಿದ್ಲು."

ನಾವೂ ಅವರ ಬಟ್ಟಲನ್ನು ಹಾಗೇ ಕೊಡುತ್ತಿದ್ದೆವು; ಆ ಚಮಚ ಮಜ್ಜಿಗೆಯಲ್ಲೇ ವೈರಸ್ ಓಡಾಡಿತ್ತು. ಎರಡೂ ಮನೆಯ ಪಾತ್ರೆಗಳನ್ನು ಬಹಳ ಹೊತ್ತು ಕುದಿಸಿದೆ. ಅಳು ಬರಲಿಲ್ಲ.

ಎರಡು ದಿನ ಬಿಟ್ಟು ನೋಡಿದರೆ, ತಟ್ಟೆಯ ಒಂದು ತೂತಿನ ನಡುವೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಎದ್ದಿತ್ತು. ವೈರಸ್ಸಿಗೆ ಅಂಟಲು ಆಗದೆ ಉಳಿದ ಬ್ಯಾಕ್ಟೀರಿಯಾ. ಸೂಜಿಯ ತುದಿಯಲ್ಲಿ ಅದನ್ನೆತ್ತಿ, ಕುದಿಸಿ ಆರಿಸಿದ ಹಾಲಿಗೆ ಬಿಟ್ಟೆ. ಮರುದಿನ ಮೊಸರಾಯಿತು, ಸ್ವಲ್ಪ ತೆಳ್ಳಗೆ.

ಅತ್ತೆ ರೊಟ್ಟಿಯ ತುದಿಯಲ್ಲಿ ಅದ್ದಿ ನೆಕ್ಕಿದಳು. "ಹುಳಿ ಕಡಿಮಿ. ನಿಮ್ಮವ್ವಂದಲ್ಲ ಇದು."

"ಅದರ ಮರಿನs ಐತಿ ಅತ್ತಿ."

"ಹಂಗಾರ ಥೇಟ ನಿನ್ನಂಗs ಆತು, ಸಪ್ಪಗ. ಹಾಕಿನ್ನೊಂದ ಚೂರ."

ಬಡಿಸಿ, ನಾನೂ ಹಾಕಿಕೊಂಡು ತಿಂದೆ. ಫರಕು ತಿಳಿಯಲಿಲ್ಲ. ಅವ್ವನ ಮೊಸರು ಹೇಗಿತ್ತೆಂದು ನೆನಪಿಸಿಕೊಳ್ಳಲು ನೋಡಿದೆ, ನಾಲಿಗೆಗೆ ಬರಲಿಲ್ಲ.