ಮೂರನೆಯ ಗೀರು

ನಮ್ಮ ಮನೆಯವರು ಬಲಗೈ ಕಿರುಬೆರಳಿನ ಉಗುರನ್ನು ಮಾತ್ರ ಉದ್ದ ಬಿಟ್ಟಿದ್ದರು. ಅದರ ಅಂಚಿನಲ್ಲಿ ಕೂತ ಗ್ರೀಸಿನ ಕಪ್ಪು ಮದುವೆ ಮನೆಗೆ ಹೊರಟ ದಿನವೂ ಹೋಗುತ್ತಿರಲಿಲ್ಲ. ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ, ಹಿಂದಿನ ದಿನ, ಸವಣೂರಿನ ನಮ್ಮ ಗ್ಯಾರೇಜಿನಲ್ಲಿ, ಆ ಉಗುರನ್ನು ಒಂದು ಹಳೆಯ ಕಾರ್ಬ್ಯುರೇಟರಿನ ತೂತಿನೊಳಗೆ ಮೆಲ್ಲಗೆ ಆಡಿಸುತ್ತಾ ಕೂತಿದ್ದರು.

ಅದು ಹತ್ತಿಮತ್ತೂರಿನ ಅಜ್ಜನೊಬ್ಬನ ಟ್ರ್ಯಾಕ್ಟರಿನದು. ಚಿಮಣಿ ಎಣ್ಣೆಯಲ್ಲಿ ಓಡುವ ಹಳೇ ಕಾಲದ ಗಾಡಿ. ಎಣ್ಣೆಯ ಕೊಳವೆ ಬಂದು ಸೇರುವ ಹಿತ್ತಾಳೆಯ ನಿಪ್ಪಲ್ ಮುರಿದು, ಅರ್ಧ ತುಂಡು ಒಳಗೇ ಉಳಿದಿತ್ತು. ತುಂಡನ್ನು ಒಳಗಿನಿಂದ ಮೂರು ಕಡೆ ಗರಗಸದ ಬ್ಲೇಡಿನಿಂದ ಗೀರಿ, ಒಳಮುಖವಾಗಿ ಮಡಚಿ ತೆಗೆಯುವುದು ಅವರ ರೀತಿ. ಗೀರು ಹಿತ್ತಾಳೆ ದಾಟಿದರೆ ಹೊರಗಿನ ಕಾರ್ಬ್ಯುರೇಟರಿನ ತಿರುಪಿನ ಥ್ರೆಡ್ ಕೆಡುತ್ತದೆ. ಅಂಥ ಕಾರ್ಬ್ಯುರೇಟರ್ ಈಗ ಎಲ್ಲಿಯೂ ಸಿಗುವುದಿಲ್ಲ. ಕೆಟ್ಟರೆ ಟ್ರ್ಯಾಕ್ಟರ್ ಗುಜರಿಗೆ.

ವೈಸಿನ ಕಬ್ಬಿಣದ ಹಿಡಿತಕ್ಕೆ ಕೊಟ್ಟರೆ ಸೀಳೀತೆಂದು ಅವರಿಗೆ ಹೆದರಿಕೆ. ಹಾಗಾಗಿ ನಾನೇ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ.

"ಕೈ ಜೋಮು ಹಿಡದಾವ್ರಿ" ಅಂದೆ.

"ಹಂಗಾರ ಬಿಡು, ಚಹಾ ನಾನ ಮಾಡ್ತೇನಿ."

"ಬ್ಯಾಡ್ರಿ. ನಿಮ್ಮ ಚಹಾ ಗ್ರೀಸ್ ನಾರತೈತಿ."

ಬೆಂಚಿನ ಮೇಲಿದ್ದ ಅಜ್ಜ ನಕ್ಕ. "ಮಿಸ್ತ್ರಿ, ನೀವು ಹಲ್ಲು ಕೀಳೋ ಡಾಕ್ಟರ್ ಆಗಿದ್ರ ಮಂದಿ ಕುರ್ಚಿ ಮ್ಯಾಲ ಮುದುಕ ಆಗತಿದ್ರು."

"ನಿಮಗೇನ್ ಚಿಂತಿರಿ ಅಜ್ಜಾರ? ನಿಮ್ಮ ಬಾಯಾಗ ಕೀಳಾಕ ಏನ್ ಉಳದೈತಿ?" ಅಂದರು ಇವರು.

ಬ್ಲೇಡಿಗೆ ಬಲ ಹಾಕಬೇಕು ಅನಿಸಿದ ಕೂಡಲೇ ಅವರು ಕೆಲಸ ಬಿಟ್ಟೆದ್ದು, ಮುಖ ತೊಳೆದು ಬರುತ್ತಿದ್ದರು. ಸಾಮಾನು ಎಸೆದದ್ದನ್ನು ನಾನು ನೋಡಿಲ್ಲ. ಬ್ಲೇಡು ಹಿತ್ತಾಳೆಯ ಕೊನೆಗೆ ಬಂದಾಗ ಅವರ ಕೈ ತಾನೇ ನಿಲ್ಲುತ್ತಿತ್ತು. ಹೇಗೆ ಗೊತ್ತಾಗುತ್ತದೆ ಎಂದು ಒಮ್ಮೆ ಕೇಳಿದ್ದೆ. "ತಿಳೀತೈತಿ" ಅಂದಿದ್ದರು, ಅಷ್ಟೇ.

ಎರಡು ಗೀರು ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತು. ಇನ್ನೊಂದೇ ಅಲ್ಲವೇ ಎಂದು ಅಜ್ಜ ಅಂಗಲಾಚಿದ.

"ನಾಳೆ ಪೂಜಿರಿ. ಸಾಮಾನಿಗೂ ವರ್ಷಕ್ಕೊಂದಿನ ಸೂಟಿ ಬೇಕಲ್ಲ? ದಸರಾ ಬನ್ನಿ ಮುಡದು ಬರ್ರಿ, ಕೊಡ್ತೇನಿ" ಅಂದರು. ಪಾನಾ, ಸುತ್ತಿಗೆ, ಬ್ಲೇಡು ಎಲ್ಲವನ್ನೂ ತಾವೇ ತೊಳೆದಿಟ್ಟರು.

ಮರುದಿನ ಅವುಗಳಿಗೆ ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ, ಹೋಳಿಗೆ ಉಂಡರು. "ಎದಿಯಾಗ ಒಂಥರಾ ಆಗಾಕತ್ತೈತಿ" ಎಂದು ಚಾಪೆಯ ಮೇಲೆ ಅಡ್ಡಾದರು. ದವಾಖಾನೆಗೆಂದು ಒಯ್ದೆವು, ಹುಬ್ಬಳ್ಳಿ ಮುಟ್ಟುವುದರೊಳಗೆ ಮುಗಿದಿತ್ತು. ಸಾಮಾನಿನ ಮೇಲಿನ ಹೂ ಯಾರೂ ತೆಗೆಯದೆ ಅಲ್ಲೇ ಒಣಗಿತು.

ದಿನಕರ್ಮ ಮುಗಿದ ಮೇಲೆ ಅಜ್ಜ ಬಂದ. ಅವನು ಕೇಳುವ ಮೊದಲೇ ಕಾರ್ಬ್ಯುರೇಟರನ್ನು ನಾನೇ ತಂದು ಕೊಟ್ಟೆ. ಅದನ್ನು ಶಿಗ್ಗಾಂವಿಗೆ ಒಯ್ದ, ಹಾನಗಲ್ಲಿಗೆ ಒಯ್ದ. ಅರ್ಧ ಗೀರಿದ ಕೆಲಸಕ್ಕೆ ಯಾರೂ ಕೈ ಹಚ್ಚಲಿಲ್ಲ. ಕೊನೆಗೆ ಮತ್ತೆ ನನ್ನ ಬಳಿಗೇ ತಂದ.

"ತಂಗಿ, ಹಿಡಕೊಂಡು ಕುಂದರತಿದ್ದಾಕಿ ನೀನ. ನೀನ ಒಮ್ಮಿ ನೋಡವಾ."

ಕೂತೆ. ಹಿಡಿಯುವವರಿಲ್ಲದ್ದಕ್ಕೆ ತೊಡೆಯ ನಡುವೆ ಇಟ್ಟುಕೊಂಡೆ. ಮೂರನೆಯ ಗೀರು ಶುರುವಾಯಿತು. ಹಳದಿ ಪುಡಿ ಉದುರಿತು, ಮತ್ತೆ ಉದುರಿತು. ಒಂದು ಹಂತದಲ್ಲಿ ಕೈ ನಿಂತಿತು. ಅದು ತಿಳಿದು ನಿಂತದ್ದಲ್ಲ, ಹೆದರಿ ನಿಂತದ್ದು. ಒಳಗೆ ಕೂದಲೆಳೆಯಷ್ಟು ಹಿತ್ತಾಳೆ ಉಳಿದಿತ್ತೋ, ಏನೂ ಉಳಿದಿರಲಿಲ್ಲವೋ. ಎದ್ದು ಮುಖ ತೊಳೆದು ಬಂದೆ. ಆಗಲೂ ತಿಳಿಯಲಿಲ್ಲ.

"ನನಗ ತಿಳೀವಲ್ದ್ರಿ ಅಜ್ಜಾರ" ಅಂದೆ.

"ಇರ್ಲಿ ಬಿಡವಾ, ಅಳಬ್ಯಾಡ. ಗುಜರಿಯಾಂವ ಬಾಳ ದಿನದಿಂದ ಕೇಳಾಕತ್ತಾನ. ಬಾ ಅಂತೇನಿ." ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು ಹೋದ. ಕಾರ್ಬ್ಯುರೇಟರ್ ಒಯ್ಯಲಿಲ್ಲ.

ಟ್ರ್ಯಾಕ್ಟರ್ ಹೋಗಿ ಎಷ್ಟೋ ದಿನವಾಯಿತು. ಆ ತುಂಡು ಇನ್ನೂ ಒಳಗೇ ಇದೆ. ತೆಗೆಯುವವರು ಮನೆಯಲ್ಲಿಲ್ಲ.